ಪ್ಲೇಯರ್ ಬದಲಿಸಿದರೆ ಧ್ವನಿಯೂ ಬದಲಾಗುತ್ತದೆಯೇ? ಕಂಪ್ಯೂಟರ್ ಆಡಿಯೊ ದೋಷವನ್ನು ಹುಡುಕುವ ಬಗೆ

ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಕಂಪ್ಯೂಟರ್ ಅದೇ, ಹೆಡ್‌ಫೋನ್ ಅದೇ, ಹಾಡಿನ ಕಡತವೂ ಅದೇ. ಆದರೆ ಒಂದು ಪ್ಲೇಯರ್‌ನಲ್ಲಿ ವೀಣೆಯ ಮೀಟು ಬಿಡಿಬಿಡಿಯಾಗಿ ಕೇಳುತ್ತದೆ, ಇನ್ನೊಂದರಲ್ಲಿ ಎಲ್ಲವೂ ಮಂಕು. ಹೀಗೆ ಹೇಳುವವರು ಕಲ್ಪಿಸಿಕೊಂಡು ಹೇಳುತ್ತಿದ್ದಾರೆಂದು ತಳ್ಳಿಹಾಕುವ ಅಗತ್ಯವಿಲ್ಲ. ಹಲವು ಸಲ ವ್ಯತ್ಯಾಸ ನಿಜವಾಗಿಯೂ ಇರುತ್ತದೆ. ತಪ್ಪುವುದು ಕಾರಣವನ್ನು ಊಹಿಸುವಲ್ಲಿ. 'ಈ ಪ್ಲೇಯರ್‌ನ ಎಂಜಿನ್ ಒಳ್ಳೆಯದು' ಎಂದುಕೊಂಡು ಹಣ ಕೊಟ್ಟು ಹೊಸ ತಂತ್ರಾಂಶ ಕೊಳ್ಳುತ್ತಾರೆ. ಹಳೆಯ ದೋಷ ಅಲ್ಲೇ ಉಳಿಯುತ್ತದೆ, ಇಲ್ಲವೇ ಕಾಕತಾಳೀಯವಾಗಿ ಹೋಗಿ ಹೊಸ ತಂತ್ರಾಂಶಕ್ಕೆ ಕೀರ್ತಿ ಬರುತ್ತದೆ.

ಇಲ್ಲಿನ ಬಹುಪಾಲು ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಬೇಕಾದಷ್ಟನ್ನು ಮುಂದೆ ಹೇಳಿದ್ದೇನೆ.

ಪ್ಲೇಯರ್‌ನ ಪಾಲು ಎಷ್ಟು

ಸಿಡಿಯಲ್ಲಿರುವ ಸಂಗೀತವೆಂದರೆ ಎಡಕ್ಕೂ ಬಲಕ್ಕೂ ಪ್ರತಿ ಸೆಕೆಂಡಿಗೆ 44,100ರಂತೆ ಬರುವ 16 ಬಿಟ್‌ನ ಸಂಖ್ಯೆಗಳು. ಇಂಥ ಒಂದೊಂದು ಸಂಖ್ಯೆಯೂ ಒಂದು 'ಮಾದರಿ', ಸೆಕೆಂಡಿಗೆ ಅವು ಎಷ್ಟು ಎಂಬುದು 'ಮಾದರಿ ದರ'. ಫ್ಲ್ಯಾಕ್ ಕಡತ ಇದೇ ಸಂಖ್ಯೆಗಳನ್ನು ನಷ್ಟವಿಲ್ಲದೆ ಮಡಚಿಟ್ಟಿರುತ್ತದೆ. ಬಿಚ್ಚಿದಾಗ ಬಂದ ಸಂಖ್ಯೆಗಳು ಮೂಲದವೇ ಹೌದೋ ಅಲ್ಲವೋ ಎಂದು ತಾಳೆ ನೋಡಲು ಕಡತದೊಳಗೇ ಒಂದು ಎಂಡಿ5 ಮೊತ್ತವೂ ಇರುತ್ತದೆ. ಸರಿಯಾಗಿ ಬರೆದ ಯಾವ ಪ್ಲೇಯರ್ ಬಿಚ್ಚಿದರೂ ಸಿಗುವುದು ಅವೇ ಸಂಖ್ಯೆಗಳು. ವಿನ್‌ರಾರ್‌ನಲ್ಲಿ ಬಿಚ್ಚಿದ ಪತ್ರ ಸೆವೆನ್‌ಜಿಪ್‌ನಲ್ಲಿ ಬಿಚ್ಚಿದ ಪತ್ರಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುವುದಿಲ್ಲವಷ್ಟೆ. ಎಂಪಿ3ಯಲ್ಲಿ ಸಂಕುಚನದ ನಷ್ಟ ಆಗಲೇ ಆಗಿಹೋಗಿದೆ. ಆದರೆ ಬಿಚ್ಚುವ ವಿಧಾನವನ್ನು ಮಾನಕವೇ ನಿಗದಿ ಮಾಡಿರುವುದರಿಂದ, ಎರಡು ಒಳ್ಳೆಯ ಡಿಕೋಡರ್‌ಗಳ ನಡುವಿನ ಅಂತರ ಕೊನೆಯ ಬಿಟ್‌ನ ಆಸುಪಾಸಿನಲ್ಲಿ ಮುಗಿಯುತ್ತದೆ. ಫೂಬಾರ್ 2000 ಎಂಬ ಪ್ಲೇಯರ್‌ನ ಅಧಿಕೃತ ಪ್ರಶ್ನೋತ್ತರದಲ್ಲಿಯೂ 'ಇದು ಬೇರೆ ಪ್ಲೇಯರ್‌ಗಳಿಗಿಂತ ಚೆನ್ನಾಗಿ ಕೇಳುತ್ತದೆಯೇ' ಎಂಬುದಕ್ಕೆ ಕೊಟ್ಟಿರುವ ಉತ್ತರ 'ಇಲ್ಲ' ಎಂದೇ. ತನ್ನ ಸರಕಿನ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ತಂತ್ರಾಂಶಗಳು ಅಪರೂಪ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಬಿಚ್ಚಿದ ಸಂಖ್ಯೆಗಳು ನೇರವಾಗಿ ಕಿವಿಗೆ ಬರುವುದಿಲ್ಲ. ಪ್ಲೇಯರ್‌ನ ಧ್ವನಿಪಟ್ಟಿ (ವಾಲ್ಯೂಮ್), ಈಕ್ವಲೈಸರ್, ಮಟ್ಟ ಸಮೀಕರಣ (ಹಾಡುಗಳ ಜೋರನ್ನು ಸಮ ಮಾಡುವುದು), ಅಲ್ಲಿಂದ ಎಲ್ಲ ತಂತ್ರಾಂಶಗಳ ಸದ್ದನ್ನು ಬೆರೆಸುವ ವಿಂಡೋಸ್‌ನ ಮಿಕ್ಸರ್, ಡ್ರೈವರ್, ಸಂಖ್ಯೆಗಳನ್ನು ವಿದ್ಯುತ್ ಸಂಕೇತವಾಗಿಸುವ ಡ್ಯಾಕ್, ಆಂಪ್ಲಿಫೈಯರ್, ತಂತಿ, ಹೆಡ್‌ಫೋನ್ ಹೀಗೆ ದಾರಿ ಉದ್ದವಾಗಿದೆ. ದೋಷ ಈ ದಾರಿಯ ಯಾವ ತುಂಡಿನಲ್ಲಿದೆ ಎಂದು ಹಿಡಿಯುವುದೇ ನಮ್ಮ ಕೆಲಸ.

ಹೋಲಿಕೆಗೆ ಮುನ್ನ ಲಕ್ಷಣ ನೋಡಿ

ಅದೇ ಹಾಡನ್ನು ಮೂರನೆಯ ಪ್ಲೇಯರ್‌ನಲ್ಲಿ ಕೇಳಿ, ಬ್ರೌಸರ್‌ನಲ್ಲಿ ಒಂದು ವಿಡಿಯೊ ಹಾಕಿ ನೋಡಿ. ದೋಷ ಎಲ್ಲ ಕಡೆಯೂ ಇದ್ದರೆ ಪ್ಲೇಯರ್ ನಿರಪರಾಧಿ. ಅಂಥ ಸಂದರ್ಭದಲ್ಲಿ ಲಕ್ಷಣವೇ ಮೂಲವನ್ನು ತೋರಿಸಿಕೊಡುತ್ತದೆ.

ಗಾಯಕರ ಧ್ವನಿ ಎಲ್ಲೋ ದೂರಕ್ಕೆ ಸರಿದು ಪಕ್ಕವಾದ್ಯಗಳು ಮಾತ್ರ ಕೇಳುತ್ತಿದ್ದರೆ ಹೆಡ್‌ಫೋನ್ ಪಿನ್ ಅರ್ಧ ಮಾತ್ರ ಒಳಗೆ ಹೋಗಿದೆ, ಇಲ್ಲವೇ ಅದರ ನೆಲದ (ಗ್ರೌಂಡ್) ತಂತಿ ಕಡಿದಿದೆ. ಆಗ ಎಡ ಮತ್ತು ಬಲಗಳ ವ್ಯತ್ಯಾಸವಷ್ಟೇ ಕೇಳಿಸುವುದರಿಂದ ನಡುವೆ ಕೂರಿಸಿದ ಗಾಯನ ಅಳಿಸಿಹೋಗುತ್ತದೆ. ವಿಂಡೋಸ್‌ನಲ್ಲಿ ಸ್ಪೀಕರ್ ಜೋಡಣೆಯನ್ನು 5.1 ಎಂದು ಆರಿಸಿ ಎರಡೇ ಸ್ಪೀಕರ್ ಇಟ್ಟುಕೊಂಡವರಿಗೂ ಇದನ್ನು ಹೋಲುವ ತೊಂದರೆ ಬರುತ್ತದೆ. ಸಿನಿಮಾದ ಸಂಭಾಷಣೆ ಇಲ್ಲದ ನಡುವಿನ ಸ್ಪೀಕರ್‌ಗೆ ಹೋಗಿ ಕಳೆದುಹೋಗಿರುತ್ತದೆ.

ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಸಂಗೀತ ಇದ್ದಕ್ಕಿದ್ದಂತೆ ದೂರವಾಣಿಯ ಧ್ವನಿಯಂತಾದರೆ, ಯಾವುದೋ ತಂತ್ರಾಂಶ ಅದೇ ಹೆಡ್‌ಫೋನಿನ ಮೈಕನ್ನು ತೆರೆದಿದೆ ಎಂದು ತಿಳಿಯಿರಿ. ಮೈಕ್ ತೆರೆದೊಡನೆ ಸಾಮಾನ್ಯ ಬ್ಲೂಟೂತ್ ಸಂಪರ್ಕ ಸ್ಟೀರಿಯೊ ಬಿಟ್ಟು ಹ್ಯಾಂಡ್ಸ್‌ಫ್ರೀ ವಿಧಾನಕ್ಕೆ ಬೀಳುತ್ತದೆ. ಅದು ಏಕವಾಹಿನಿ (ಮೊನೊ), ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳಷ್ಟೇ. ಮೀಟಿಂಗ್ ತಂತ್ರಾಂಶದಲ್ಲಿ ಲ್ಯಾಪ್‌ಟಾಪ್‌ನ ಮೈಕನ್ನು ಆರಿಸಿದರೆ ಸಂಗೀತ ಮರಳಿ ಸರಿಯಾಗುತ್ತದೆ. 'ಪ್ಲೇಯರ್ ಕೆಟ್ಟಿದೆ' ಎಂದು ಬರುವ ದೂರುಗಳಲ್ಲಿ ಇದನ್ನು ಬಹಳ ಸಲ ಕಂಡಿದ್ದೇನೆ.

ಶ್ರುತಿ ಏರಿದ್ದರೆ ಮಾದರಿ ದರದ ಗೊಂದಲ. 44,100ರ ಕಡತವನ್ನು ಯಾರೂ ಪರಿವರ್ತಿಸದೆ 48,000ದ ಗಡಿಯಾರಕ್ಕೆ ಓಡಿಸಿದರೆ ವೇಗ ಶೇಕಡಾ 8.8ರಷ್ಟು ಹೆಚ್ಚುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ತಂಬೂರಿಯ ನಾದವಿರುವ ಧ್ವನಿಮುದ್ರಣ ಹಾಕಿ, ಮೊಬೈಲ್‌ನ ಶ್ರುತಿ ತಂತ್ರಾಂಶದೊಡನೆ ಹೋಲಿಸಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಡ್ರೈವರ್ ಮರುಸ್ಥಾಪಿಸಿ ಡ್ಯಾಕ್ ಕಿತ್ತು ಮತ್ತೆ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಲ್ಯಾಪ್‌ಟಾಪ್‌ಗೆ ಆಂಪ್ಲಿಫೈಯರ್ ಜೋಡಿಸಿದಾಗ 'ಗುಂಯ್' ಎಂಬ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ನೆಲದ ತಂತಿಯ ಸುತ್ತು (ಗ್ರೌಂಡ್ ಲೂಪ್), ನಮ್ಮಲ್ಲಿ 50 ಹರ್ಟ್ಜ್‌ನ ವಿದ್ಯುತ್ತಿನ ಕೂಗು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕುವುದು, ಇಲ್ಲವೇ ಆಪ್ಟಿಕಲ್ ತಂತಿ ಬಳಸುವುದು ಪರಿಹಾರ. ಮೂರು ಪಿನ್ನಿನ ಪ್ಲಗ್‌ನ ಭೂಸಂಪರ್ಕದ ಪಿನ್ ಕೀಳಲು ಮಾತ್ರ ಹೋಗಬೇಡಿ. ಅದು ಜೀವಕ್ಕೆ ಅಪಾಯ.

ಇವು ಯಾವುವೂ ಅಲ್ಲ, ದೂರು ಎರಡು ಪ್ಲೇಯರ್‌ಗಳ ನಡುವಿನ 'ಮಂಕು', 'ಗರಿಗರಿ', 'ಬಿಚ್ಚಿಕೊಂಡಿದೆ' ಎಂಬ ಬಗೆಯದ್ದೇ ಎಂದಾದರೆ ಮುಂದೆ ಓದಿ.

ಮೊದಲ ಅನುಮಾನ ಯಾವಾಗಲೂ ಮಟ್ಟದ ಮೇಲೆ

ಒಂದು ಪ್ಲೇಯರ್ ಇನ್ನೊಂದಕ್ಕಿಂತ ಅರ್ಧ ಡೆಸಿಬೆಲ್ ಜೋರಾಗಿದ್ದರೆ ಕಿವಿ ಅದನ್ನು 'ಜೋರು' ಎಂದು ಗುರುತಿಸುವುದಿಲ್ಲ, 'ಸ್ಪಷ್ಟ' ಎನ್ನುತ್ತದೆ. ತಗ್ಗಿನ ನಾದ ತುಂಬಿದಂತೆ, ತಾಳದ ಅಂಚು ಹರಿತವಾದಂತೆ ಅನಿಸುತ್ತದೆ. ಹೀಗಾಗಿ ಮಟ್ಟ ಸರಿಹೊಂದಿಸದೆ ಮಾಡಿದ ಹೋಲಿಕೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೇಳಿದವರ ಕಿವಿ ಎಷ್ಟೇ ಪಳಗಿದ್ದಿರಲಿ.

ಮಟ್ಟ ಬದಲಾಗುವ ಜಾಗಗಳು ಹಲವು. ರಿಪ್ಲೇಗೇನ್ ಎಂಬ ವ್ಯವಸ್ಥೆ 2001ರಿಂದ ಇದೆ. ಹಾಡು ಹಾಡಿನ ನಡುವಿನ ಏರುಪೇರನ್ನು ಸಮ ಮಾಡಲು ಕಡತದಲ್ಲಿ ಬರೆದಿಟ್ಟ ಅಂಕಿಯನ್ನು ಪ್ಲೇಯರ್ ಓದಿ ಧ್ವನಿ ತಗ್ಗಿಸುತ್ತದೆ. ಒಂದು ಪ್ಲೇಯರ್ ಅದನ್ನು ಪಾಲಿಸಿ ಇನ್ನೊಂದು ಕಡೆಗಣಿಸಿದರೆ ಆರೆಂಟು ಡೆಸಿಬೆಲ್ ವ್ಯತ್ಯಾಸ ಬರುವುದು ಸಾಮಾನ್ಯ. ಸ್ಪಾಟಿಫೈ ತಾನಾಗಿಯೇ −14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಸುತ್ತ ಮಟ್ಟವನ್ನು ತಂದು ನಿಲ್ಲಿಸುತ್ತದೆ. ಆಪಲ್‌ನಲ್ಲಿ ಇದೇ ಕೆಲಸಕ್ಕೆ ಸೌಂಡ್ ಚೆಕ್ ಇದೆ. ವಿಂಡೋಸ್‌ನ ವಾಲ್ಯೂಮ್ ಮಿಕ್ಸರ್‌ನಲ್ಲಿ ಪ್ರತಿ ತಂತ್ರಾಂಶಕ್ಕೂ ಬೇರೆ ಪಟ್ಟಿಯಿದೆ. ಎಂದೋ ತಗ್ಗಿಸಿ ಮರೆತದ್ದು ಅಲ್ಲೇ ಕೂತಿರುತ್ತದೆ. ಇನ್ನೊಂದು ಚೇಷ್ಟೆ ವಿಂಡೋಸ್ 7ರಿಂದ ಬಂದದ್ದು. ಕರೆ ನಡೆಯುತ್ತಿದೆ ಎಂದು ಅನಿಸಿದರೆ ಉಳಿದ ಸದ್ದುಗಳನ್ನು ಅದು ಶೇಕಡಾ 80 ತಗ್ಗಿಸುತ್ತದೆ. ಸೌಂಡ್ ಕಿಟಕಿಯ 'ಕಮ್ಯುನಿಕೇಷನ್ಸ್' ಪುಟದಲ್ಲಿ 'ಡು ನಥಿಂಗ್' ಆರಿಸಿ ಅದನ್ನು ಸುಮ್ಮನಾಗಿಸಿ.

ಸಮ ಮಾಡುವ ಬಗೆ: ಎರಡೂ ಪ್ಲೇಯರ್‌ಗಳಲ್ಲಿ ಮಟ್ಟ ಸಮೀಕರಣ ನಿಲ್ಲಿಸಿ, ಅವುಗಳ ಧ್ವನಿಪಟ್ಟಿಯನ್ನು ಸರಿಯಾಗಿ 100ಕ್ಕೆ ಇಡಿ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ 100 ಅಥವಾ 200 ಹರ್ಟ್ಜ್‌ನ ಸ್ಥಿರ ನಾದವೊಂದನ್ನು ತಯಾರಿಸಿ ವೇವ್ ಕಡತವಾಗಿ ಉಳಿಸಿ, ಎರಡರಲ್ಲೂ ನುಡಿಸಿ, ಹೆಡ್‌ಫೋನ್ ಕಿಂಡಿಯ ಎಸಿ ವೋಲ್ಟ್ ಅಳೆಯಿರಿ. 0.1 ಡೆಸಿಬೆಲ್ ಎಂದರೆ ವೋಲ್ಟೇಜಿನಲ್ಲಿ ಶೇಕಡಾ 1.2ರಷ್ಟು, ಅಂದರೆ 500 ಮಿಲಿವೋಲ್ಟ್‌ಗೆ 506. ಇದಕ್ಕಿಂತ ಹತ್ತಿರ ಬಂದರೆ ಮಟ್ಟದ ಮಾತು ಮುಗಿಯಿತು. ಅಂಗಡಿಯಲ್ಲಿ ಸಿಗುವ ಅಗ್ಗದ ಹಳದಿ ಮಲ್ಟಿಮೀಟರ್‌ಗಳಲ್ಲಿ ಎಸಿ ಶ್ರೇಣಿ ಶುರುವಾಗುವುದೇ 200 ವೋಲ್ಟ್‌ನಿಂದ, ಅವು ಈ ಕೆಲಸಕ್ಕೆ ಬಾರವು. ಎಸಿ 2 ವೋಲ್ಟ್ ಅಥವಾ ಮಿಲಿವೋಲ್ಟ್ ಶ್ರೇಣಿ ಇರಬೇಕು. ಮೀಟರ್ ಇಲ್ಲದವರು ಮುಂದೆ ಹೇಳುವ ಧ್ವನಿಮುದ್ರಣದ ವಿಧಾನವನ್ನೇ ಬಳಸಬಹುದು.

ಹತ್ತರಲ್ಲಿ ಏಳೆಂಟು ದೂರುಗಳು ಇಲ್ಲಿಯೇ ಕರಗುತ್ತವೆ ಎಂಬುದು ನನ್ನ ಅಂದಾಜು.

ಪ್ಲೇಯರ್‌ನೊಳಗೆ ಮರೆತ ಗುಂಡಿಗಳು

ಈಕ್ವಲೈಸರ್ ಆನ್ ಆಗಿದೆಯೇ ನೋಡಿ. 'ರಾಕ್', 'ಬಾಸ್' ಎಂಬ ಸಿದ್ಧ ಮಾದರಿಗಳು ಕೆಲವು ಆವರ್ತನಗಳನ್ನು ಎತ್ತುವುದರ ಜೊತೆಗೆ ಒಟ್ಟು ಮಟ್ಟವನ್ನೂ ಮಿತಿ ದಾಟಿಸಿ ಧ್ವನಿಯನ್ನು ಒಡೆಯುತ್ತವೆ. ವಿಎಲ್‌ಸಿಯ ಧ್ವನಿಪಟ್ಟಿ 125ರವರೆಗೆ ಹೋಗುತ್ತದೆ. 100ರ ಮೇಲೆ ಅದು ಸಂಖ್ಯೆಗಳನ್ನು ಗುಣಿಸಿ ದೊಡ್ಡದು ಮಾಡುತ್ತದೆ, ಮೊದಲೇ ಜೋರಾಗಿರುವ ಹಾಡಿನ ಶಿಖರಗಳು ಚಪ್ಪಟೆಯಾಗುತ್ತವೆ. ಜೋರಾದ ಜಾಗದಲ್ಲಿ ಮಾತ್ರ ಬಿರುಕು ಕೇಳಿದರೆ ಈ ಎರಡನ್ನೂ ಮೊದಲು ಪರಿಶೀಲಿಸಿ.

ಇಲ್ಲಿ ಪ್ಲೇಯರ್‌ಗಳ ನಡುವೆ ಒಂದು ನಿಜವಾದ ವ್ಯತ್ಯಾಸವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಈಚಿನ ಅನೇಕ ಹಾಡುಗಳನ್ನು ಮಟ್ಟದ ಸೂರಿಗೆ ತಾಗುವಂತೆ ಜೋರಾಗಿ ಮಾಸ್ಟರ್ ಮಾಡಿರುತ್ತಾರೆ. ಅವನ್ನು ಎಂಪಿ3ಗೆ ಇಳಿಸಿ ಮತ್ತೆ ಬಿಚ್ಚಿದಾಗ ಕೆಲವು ಶಿಖರಗಳು ಸೂರನ್ನು ದಾಟುತ್ತವೆ. 32 ಬಿಟ್ ಫ್ಲೋಟ್‌ನಲ್ಲಿ (ಸೂರು ದಾಟಿದ ಸಂಖ್ಯೆಗಳಿಗೂ ಜಾಗವಿರುವ ರೂಪದಲ್ಲಿ) ಬಿಚ್ಚುವ ಪ್ಲೇಯರ್ ಆ ಹೆಚ್ಚಳವನ್ನು ಉಳಿಸಿಕೊಂಡಿರುತ್ತದೆ. ಅದರಲ್ಲೇ ಎರಡು ಮೂರು ಡೆಸಿಬೆಲ್ ತಗ್ಗಿಸಿದರೆ ಶಿಖರ ಕತ್ತರಿಸದೆ ಹೊರಬರುತ್ತದೆ. ನೇರವಾಗಿ 16 ಬಿಟ್‌ಗೆ ಬಿಚ್ಚುವ ಪ್ಲೇಯರ್‌ನಲ್ಲಿ ಶಿಖರ ಅಲ್ಲಿಯೇ ಕತ್ತರಿಸಿಹೋಗುತ್ತದೆ, ಆಮೇಲೆ ವಿಂಡೋಸ್‌ನ ವಾಲ್ಯೂಮ್ ಎಷ್ಟು ತಗ್ಗಿಸಿದರೂ ಅದು ಮರಳುವುದಿಲ್ಲ. ಇದು ಮೆಲುದನಿಯ ಕಛೇರಿ ಧ್ವನಿಮುದ್ರಣಗಳಲ್ಲಿ ಕೇಳಿಸುವ ಸಮಸ್ಯೆಯಲ್ಲ, ಅಬ್ಬರದ ಹಾಡುಗಳಲ್ಲಿ ಕೆಲವೊಮ್ಮೆ ಕೇಳಿಸಬಹುದು.

ವಿಂಡೋಸ್‌ನ 'ಆಡಿಯೊ ಎನ್ಹಾನ್ಸ್‌ಮೆಂಟ್ಸ್', ಲ್ಯಾಪ್‌ಟಾಪ್ ತಯಾರಕರು ತುಂಬಿ ಕಳುಹಿಸುವ ಧ್ವನಿ ಸುಧಾರಣೆಯ ತಂತ್ರಾಂಶ, ಸ್ಪೇಷಿಯಲ್ ಸೌಂಡ್ ಇವೆಲ್ಲವನ್ನೂ ನಿಲ್ಲಿಸಿ. ಇವು ಮಿಕ್ಸರ್ ಮೂಲಕ ಎಲ್ಲರೊಡನೆ ಹಂಚಿಕೆಯ ದಾರಿಯಲ್ಲಿ ಹೋಗುವ ಪ್ಲೇಯರ್‌ಗೆ ಅಂಟುತ್ತವೆ, ಮಿಕ್ಸರ್ ತಪ್ಪಿಸಿ ಸಾಧನವನ್ನು ತಾನೊಂದೇ ಹಿಡಿಯುವ ಎಕ್ಸ್‌ಕ್ಲೂಸಿವ್ ದಾರಿಯಲ್ಲಿ ಹೋಗುವುದಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಹಣ ಕೊಟ್ಟು ಕೊಂಡ ಪ್ಲೇಯರ್ 'ಶುದ್ಧವಾಗಿ' ಕೇಳಿಸುವುದರ ಗುಟ್ಟು ಎಷ್ಟೋ ಸಲ ಇಷ್ಟೇ.

ವಿಂಡೋಸ್ ಮಿಕ್ಸರ್: ಹಳೆಯ ಅಪವಾದ, ಈಗಿನ ಸ್ಥಿತಿ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕೆಮಿಕ್ಸರ್ ಎಂಬ ಭಾಗ ಎಲ್ಲ ಸದ್ದುಗಳನ್ನೂ ಕಲಸುತ್ತಿತ್ತು. ಅದನ್ನು ತಪ್ಪಿಸಿ ಹೋಗಬೇಕು ಎಂಬ ಸಲಹೆ ಹುಟ್ಟಿದ್ದು ಆಗ, ಧ್ವನಿಮುದ್ರಣದವರಿಗಾಗಿ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ್ದ, ಮಿಕ್ಸರ್ ತಪ್ಪಿಸುವ ಏಸಿಯೋ ಎಂಬ ಡ್ರೈವರ್ ವ್ಯವಸ್ಥೆ ಮನೆಮನೆಗೆ ಬಂದದ್ದೂ ಆಗಲೇ. 2007ರಲ್ಲಿ ಜನರ ಕೈಗೆ ಬಂದ ವಿಸ್ತಾದಲ್ಲಿ ಧ್ವನಿಯ ಭಾಗವನ್ನೇ ಹೊಸದಾಗಿ ಬರೆದು, ತಂತ್ರಾಂಶಗಳು ಧ್ವನಿ ಕಳುಹಿಸಲು ಬಳಸುವ ವಾಸಪಿ ಎಂಬ ವ್ಯವಸ್ಥೆ ತಂದರು. ಈಗ ಮಿಶ್ರಣ ನಡೆಯುವುದು 32 ಬಿಟ್ ಫ್ಲೋಟ್‌ನಲ್ಲಿ. ಸಲಹೆ ಮಾತ್ರ ಎಕ್ಸ್‌ಪಿ ಕಾಲದ್ದೇ ಉಳಿದುಕೊಂಡಿದೆ.

ಇಂದಿನ ಮಿಕ್ಸರ್ ಮಾಡುವ ಮುಖ್ಯ ಬದಲಾವಣೆ ಮಾದರಿ ದರದ ಪರಿವರ್ತನೆ. ಸಾಧನದ ದರ 48,000 ಎಂದಿದ್ದು ಹಾಡು 44,100ರದ್ದಾಗಿದ್ದರೆ, ಪ್ರತಿ 147 ಮಾದರಿಗಳಿಗೆ 160 ಹೊಸ ಮಾದರಿಗಳನ್ನು ಲೆಕ್ಕಹಾಕಬೇಕು. ಈ ಲೆಕ್ಕ ಸಾಕಷ್ಟು ಚೆನ್ನಾಗಿಯೇ ನಡೆಯುತ್ತದೆ, ಆದರೆ ಇದನ್ನು ಅನುಮಾನದ ಪಟ್ಟಿಯಿಂದ ತೆಗೆಯುವುದು ಸುಲಭವಾದ್ದರಿಂದ ತೆಗೆದುಬಿಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸೌಂಡ್, 'ಮೋರ್ ಸೌಂಡ್ ಸೆಟ್ಟಿಂಗ್ಸ್' (ವಿಂಡೋಸ್ 10ರಲ್ಲಿ 'ಸೌಂಡ್ ಕಂಟ್ರೋಲ್ ಪ್ಯಾನಲ್'), ನಿಮ್ಮ ಸಾಧನದ ಪ್ರಾಪರ್ಟೀಸ್, 'ಅಡ್ವಾನ್ಸ್‌ಡ್' ಪುಟಕ್ಕೆ ಹೋಗಿ ಡಿಫಾಲ್ಟ್ ಫಾರ್ಮ್ಯಾಟ್ ಅನ್ನು 24 ಬಿಟ್, 44,100 ಹರ್ಟ್ಜ್ ಮಾಡಿ. 16 ಬಿಟ್ ಬಿಟ್ಟು 24 ಆರಿಸುವುದಕ್ಕೆ ಕಾರಣವಿದೆ. ತಂತ್ರಾಂಶದಲ್ಲಿ ಧ್ವನಿ 6 ಡೆಸಿಬೆಲ್ ತಗ್ಗಿದಾಗಲೆಲ್ಲ ಸುಮಾರು ಒಂದು ಬಿಟ್‌ನಷ್ಟು ವಿವರ ಹೋಗುತ್ತದೆ, 24 ಇದ್ದರೆ ಆ ನಷ್ಟ ಕೇಳಿಸದ ಆಳದಲ್ಲಿ ಆಗುತ್ತದೆ.

ಎಕ್ಸ್‌ಕ್ಲೂಸಿವ್ ವಿಧಾನವನ್ನು ನಾನು ರೋಗಪತ್ತೆಗೆ ಬಳಸುತ್ತೇನೆ, ಆರಾಧನೆಗಲ್ಲ. ಪ್ಲೇಯರ್‌ನಲ್ಲಿ ಅದನ್ನು ಆನ್ ಮಾಡಿ ಬ್ರೌಸರ್‌ನಲ್ಲಿ ವಿಡಿಯೊ ಹಾಕಿ. ಎರಡೂ ಒಟ್ಟಿಗೆ ಕೇಳಿಸಿದರೆ ಎಕ್ಸ್‌ಕ್ಲೂಸಿವ್ ಆಗಿಲ್ಲ ಎಂದೇ ಅರ್ಥ, ಪರದೆಯ ಮೇಲೆ ಏನೇ ಬರೆದಿರಲಿ. ಆನ್ ಆದಾಗ ದೋಷ ಹೋದರೆ ಅಪರಾಧಿ ಮಿಕ್ಸರ್ ಅಥವಾ ಅದಕ್ಕೆ ಅಂಟಿದ 'ಸುಧಾರಣೆ'. ಹೋಗದಿದ್ದರೆ ಪ್ಲೇಯರ್‌ನ ಗುಂಡಿಗಳು ಅಥವಾ ಡ್ರೈವರ್‌ನಿಂದ ಮುಂದಿನ ಯಂತ್ರಾಂಶ.

ಸಂಖ್ಯೆಗಳನ್ನೇ ಕಳೆದು ನೋಡುವುದು

ವಾದ ಮುಗಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಎರಡು ಪ್ಲೇಯರ್‌ಗಳು ಹೊರಹಾಕಿದ್ದನ್ನು ಹಿಡಿದು ಒಂದರಿಂದ ಒಂದನ್ನು ಕಳೆಯುವುದು.

1. ಆಡಾಸಿಟಿಯಲ್ಲಿ ಆಡಿಯೊ ಹೋಸ್ಟ್ 'ವಿಂಡೋಸ್ ವಾಸಪಿ', ಧ್ವನಿಮುದ್ರಣದ ಸಾಧನ ನಿಮ್ಮ ಸ್ಪೀಕರ್‌ನ 'ಲೂಪ್‌ಬ್ಯಾಕ್' (ಸ್ಪೀಕರ್‌ಗೆ ಹೋಗುವ ಧ್ವನಿಯನ್ನೇ ಹಿಡಿಯುವ ಆಯ್ಕೆ) ಎಂದು ಆರಿಸಿ. ಪ್ರಾಜೆಕ್ಟಿನ ದರ, ಸಾಧನದ ದರ, ಹಾಡಿನ ದರ ಮೂರೂ ಒಂದೇ ಇರಲಿ. ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಸಣ್ಣ ಗದ್ದಲ) 'ನನ್' ಆಗಿರಲಿ.
2. ಮೊದಲ ಪ್ಲೇಯರ್‌ನಲ್ಲಿ ಹಾಡಿನ ಒಂದು ನಿಮಿಷ ಮುದ್ರಿಸಿ. ಬೇರೇನನ್ನೂ ಬದಲಿಸದೆ ಎರಡನೆಯದರಲ್ಲಿ ಅದೇ ಭಾಗ ಮುದ್ರಿಸಿ. ಬೇರೆ ತಂತ್ರಾಂಶಗಳ ಸದ್ದು ನುಸುಳದಿರಲಿ.
3. ದೃಶ್ಯವನ್ನು ಹಿಗ್ಗಿಸಿ ಎರಡು ಮುದ್ರಣಗಳನ್ನೂ ಮಾದರಿಗೆ ಮಾದರಿ ಹೊಂದುವಂತೆ ಸರಿಸಿ. ತಾಳ್ಮೆ ಬೇಡುವ ಹಂತವೆಂದರೆ ಇದೊಂದೇ. ಮೃದಂಗದ ಒಂದು ಚಾಪು ಗುರುತಾಗಿ ಹಿಡಿದರೆ ಸುಲಭ.
4. ಒಂದನ್ನು 'ಇನ್ವರ್ಟ್' ಮಾಡಿ, ಎರಡನ್ನೂ ಬೆರೆಸಿ ಹೊಸ ಟ್ರ್ಯಾಕ್ ಮಾಡಿ.

ಉಳಿಕೆ −90 ಡೆಸಿಬೆಲ್‌ಗಿಂತ ಕೆಳಗಿದ್ದರೆ ಎರಡೂ ಪ್ಲೇಯರ್‌ಗಳು ಕಳುಹಿಸಿದ್ದು ಒಂದನ್ನೇ. ಉಳಿಕೆಯಲ್ಲಿ ಹಾಡು ಮೆಲ್ಲಗೆ ಪೂರ್ತಿಯಾಗಿ ಕೇಳಿದರೆ ಮಟ್ಟದ ವ್ಯತ್ಯಾಸ. ಅರ್ಧ ಡೆಸಿಬೆಲ್ ಅಂತರವಿದ್ದಾಗ ಉಳಿಕೆ ಮೂಲಕ್ಕಿಂತ ಸುಮಾರು 25 ಡೆಸಿಬೆಲ್ ಕೆಳಗೆ ಬರುತ್ತದೆ. ಬರೀ ತಗ್ಗಿನ ಗುಡುಗು ಅಥವಾ ಬರೀ ತಾರದ ಚಿಟಿಪಿಟಿ ಉಳಿದರೆ ಎಲ್ಲೋ ಈಕ್ವಲೈಸರ್ ಕೆಲಸ ಮಾಡುತ್ತಿದೆ. ಜೋರಾದ ಏಟುಗಳಲ್ಲಿ ಮಾತ್ರ ಸದ್ದು ಉಳಿದರೆ ಶಿಖರ ಕತ್ತರಿಸುತ್ತಿದೆ. ಆರಂಭದಲ್ಲಿ ಮೌನವಿದ್ದು ಹೋಗುತ್ತಾ ಹೋಗುತ್ತಾ ಉಳಿಕೆ ಹೆಚ್ಚಿದರೆ ದರ ಪರಿವರ್ತನೆ ಅಥವಾ ನಡುವೆ ಕಳೆದುಹೋದ ಮಾದರಿಗಳು.

ಈ ವಿಧಾನಕ್ಕೆ ಒಂದು ಮಿತಿಯಿದೆ: ಎಕ್ಸ್‌ಕ್ಲೂಸಿವ್ ದಾರಿಯಲ್ಲಿ ಹೋಗುವ ಧ್ವನಿ ಲೂಪ್‌ಬ್ಯಾಕ್‌ಗೆ ಸಿಗುವುದಿಲ್ಲ. ಅದಕ್ಕೆ ಹಳೆಯದೊಂದು ಉಪಾಯವಿದೆ. ಡಿಟಿಎಸ್ (ಸರೌಂಡ್ ಧ್ವನಿಯನ್ನು ಅಡಕಗೊಳಿಸುವ ಒಂದು ಬಗೆ) ಸಂಕೇತವಿರುವ ವೇವ್ ಕಡತವನ್ನು ಆಪ್ಟಿಕಲ್ ತಂತಿಯ ಮೂಲಕ ಡಿಟಿಎಸ್ ಬಿಚ್ಚಬಲ್ಲ ರಿಸೀವರ್‌ಗೆ ಕಳುಹಿಸಿ. ದಾರಿಯಲ್ಲಿ ಸಂಖ್ಯೆಗಳನ್ನು ಯಾರಾದರೂ ಮುಟ್ಟಿದ್ದರೆ ಸಂಕೇತ ಮುರಿದು 'ಖರ್‌' ಎಂಬ ಗದ್ದಲ ಮಾತ್ರ ಬರುತ್ತದೆ. ಡಿಟಿಎಸ್ ದೀಪ ಹೊತ್ತಿ ಸಂಗೀತ ಬಂದರೆ ಸಂಖ್ಯೆಗಳು ಹಾಗೆಯೇ ತಲುಪಿವೆ. ಪರೀಕ್ಷಿಸುವಾಗ ವಾಲ್ಯೂಮ್ ತಗ್ಗಿಸಿಟ್ಟುಕೊಳ್ಳಿ, ಆ ಗದ್ದಲ ಸ್ಪೀಕರ್‌ಗೂ ಕಿವಿಗೂ ಒಳ್ಳೆಯದಲ್ಲ.

ಉಳಿಕೆ ಇದೆ, ಆದರೆ ಅದು ಕಿವಿಗೆ ನಿಲುಕುತ್ತದೆಯೇ ಎಂಬ ಪ್ರಶ್ನೆ ಬಂದರೆ ಎಬಿಎಕ್ಸ್ ಪರೀಕ್ಷೆ ಮಾಡಿ, ಅಂದರೆ ಕೇಳಿಸಿದ ಎಕ್ಸ್ ಎಂಬುದು ಎ ಯೋ ಬಿ ಯೋ ಎಂದು ಕಿವಿಯಿಂದಷ್ಟೇ ಗುರುತಿಸುವುದು. ಮುದ್ರಿಸಿದ ಎರಡು ಕಡತಗಳನ್ನು ಫೂಬಾರ್‌ನ ಎಬಿಎಕ್ಸ್ ಘಟಕಕ್ಕೆ ಕೊಟ್ಟರೆ ಹೆಸರು ಮುಚ್ಚಿ ಕೇಳಿಸುತ್ತದೆ. 16 ಸುತ್ತಿನಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ಎಂಟೋ ಒಂಬತ್ತೋ ಬಂದರೆ ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು.

ಪ್ಲೇಯರ್‌ನ ಯೋಗ್ಯತೆ ನಿಜಕ್ಕೂ ಲೆಕ್ಕಕ್ಕೆ ಬರುವ ಜಾಗ

ಒಂದು, ತಡೆಯಿಲ್ಲದ ಹರಿವು. 'ಟಕ್' 'ಟಕ್' ಎಂದು ಕಡಿಯುವ ಸದ್ದು ಬಂದರೆ ಪ್ಲೇಯರ್‌ನ ಬಫರ್ (ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಧ್ವನಿಯ ಪ್ರಮಾಣ) ಹೆಚ್ಚಿಸಿ. ಸಂಗೀತ ಕೇಳುವುದಕ್ಕೆ ಅರ್ಧ ಸೆಕೆಂಡಿನ ವಿಳಂಬದಿಂದ ನಷ್ಟವೇನಿಲ್ಲ. ಹೋಗದಿದ್ದರೆ ಲೇಟೆನ್ಸಿಮಾನ್ ಎಂಬ ತಪಾಸಣೆ ತಂತ್ರಾಂಶ ಓಡಿಸಿ ಯಾವ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿದೆ ಎಂದು ನೋಡಿ. ಅನೇಕ ಸಲ ಸಿಕ್ಕಿಬೀಳುವುದು ವೈಫೈ ಡ್ರೈವರ್. ಯುಎಸ್‌ಬಿ ಡ್ಯಾಕ್ ಇದ್ದರೆ ಪವರ್ ಆಪ್ಷನ್ಸ್‌ನಲ್ಲಿ 'ಸೆಲೆಕ್ಟಿವ್ ಸಸ್ಪೆಂಡ್' ನಿಲ್ಲಿಸಿ, ಹಬ್ ಬಿಟ್ಟು ನೇರ ಕಿಂಡಿಗೆ ಹಾಕಿ.

ಇನ್ನೊಂದು, ಹಾಡಿನಿಂದ ಹಾಡಿಗೆ ಬಿರುಕಿಲ್ಲದೆ ಸಾಗುವುದು. ಕಛೇರಿಯ ಧ್ವನಿಮುದ್ರಣಗಳಲ್ಲಿ ರಾಗಾಲಾಪನೆಯನ್ನೂ ಕೃತಿಯನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡಿರುತ್ತಾರೆ, ತಂಬೂರಿ ಮಾತ್ರ ನಿಲ್ಲದೆ ಹರಿಯುತ್ತಿರುತ್ತದೆ. ಎಂಪಿ3 ಮಾಡುವಾಗ ಎನ್‌ಕೋಡರ್ ಕಡತದ ಆರಂಭ ಮತ್ತು ಕೊನೆಗೆ ಕೊಂಚ ಮೌನ ಸೇರಿಸುತ್ತದೆ. ಲೇಮ್ ಎನ್‌ಕೋಡರ್ ಎಷ್ಟು ಸೇರಿಸಿದೆ ಎಂದು ಕಡತದಲ್ಲಿಯೇ ಬರೆದಿಡುತ್ತದೆ. ಅದನ್ನು ಓದಿ ಕತ್ತರಿಸುವ ಪ್ಲೇಯರ್‌ನಲ್ಲಿ ತಂಬೂರಿ ಅಖಂಡ, ಓದದ ಪ್ಲೇಯರ್‌ನಲ್ಲಿ ಪ್ರತಿ ಗಡಿಯಲ್ಲೂ ಒಂದು ಬಿಕ್ಕಳಿಕೆ. ಪ್ಲೇಯರ್ ಆರಿಸಲು ಇದು ನನ್ನ ಮಟ್ಟಿಗೆ 'ಧ್ವನಿಯ ಗುಣಮಟ್ಟ'ಕ್ಕಿಂತ ಗಟ್ಟಿಯಾದ ಕಾರಣ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು ಸಾಧನದ ದರ ಹಾಡಿನ ದರಕ್ಕೆ ಹೊಂದಿದೆಯೇ ನೋಡಿ, ಎಡಬಲದ ತೂಕ ಒಂದು ಕಡೆಗೆ ಜಾರಿದೆಯೇ ಎಂಬುದನ್ನೂ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಗಮನಿಸಿ. ಲಿನಕ್ಸ್‌ನಲ್ಲಿ ಧ್ವನಿಯನ್ನು ಬೆರೆಸುವ ಪೈಪ್‌ವೈರ್ ಸಾಮಾನ್ಯವಾಗಿ 48,000ಕ್ಕೆ ನಿಂತಿರುತ್ತದೆ. ಅನುಮತಿಸಿದ ದರಗಳ ಪಟ್ಟಿಗೆ 44,100 ಸೇರಿಸಿದರೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಡು ನಡೆಯುತ್ತಿರುವಾಗ ಆಲ್ಸಾ ಎಂಬ ಧ್ವನಿ ಡ್ರೈವರ್ ವ್ಯವಸ್ಥೆಯ ಹಾರ್ಡ್‌ವೇರ್ ವಿವರದ ಕಡತವನ್ನು ಓದಿದರೆ ಡ್ಯಾಕ್‌ಗೆ ಹೋಗುತ್ತಿರುವ ನಿಜವಾದ ದರ ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಕೆ ಉಳಿದು, ಎಬಿಎಕ್ಸ್‌ನಲ್ಲೂ ಕಿವಿ ಗೆದ್ದರೆ ನಿಮ್ಮ ಕೈಗೆ ಪ್ಲೇಯರ್‌ನ ನಿಜವಾದ ದೋಷ ಸಿಕ್ಕಿದೆ. ಎರಡು ಮುದ್ರಣಗಳು, ಉಳಿಕೆಯ ಕಡತ, ಪ್ಲೇಯರ್‌ನ ಆವೃತ್ತಿ, ಹೊರಹಾಕುವ ವಿಧಾನ, ಸಾಧನದ ದರ ಮತ್ತು ಡ್ರೈವರ್‌ನ ಆವೃತ್ತಿಯನ್ನು ಸೇರಿಸಿ ತಯಾರಕರಿಗೆ ಕಳುಹಿಸಿ. 'ಧ್ವನಿ ಮಂಕಾಗಿದೆ' ಎಂದಷ್ಟೇ ಬರೆದರೆ ಅವರಿಂದ ಬರುವ ಮೊದಲ ಪ್ರಶ್ನೆಯೇ ಈ ಪಟ್ಟಿಯಾಗಿರುತ್ತದೆ.